ಕೈ ತೊಳೆಯಲು ಕಲಿಸಿದ ವೈದ್ಯನ ಕೊನೆಯ ಹದಿನಾಲ್ಕು ದಿನ



ಕಳೆದ ತಿಂಗಳು ದ್ವಿತೀಯ ಪಿಯುಸಿ ತರಗತಿಯಲ್ಲಿ ಸೋಂಕು ರೋಗಗಳ ಪಾಠ ಮಾಡುವಾಗ ಡಾಕ್ಟರ್ ಇಗ್ನಾಜ್ ಸೆಮ್ಮೆಲ್‌ವೈಸ್ ಅವರ ಹೆಸರು ಹೇಳಿದ್ದೆ. ವೈದ್ಯರು ಕೈ ತೊಳೆದುಕೊಂಡರೆ ತಾಯಂದಿರ ಸಾವು ನಿಲ್ಲುತ್ತದೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ಅವರು. ಹಿಂದಿನ ಬೆಂಚಿನ ಒಬ್ಬ ವಿದ್ಯಾರ್ಥಿನಿ ಎದ್ದು ನಿಂತು, ಅಷ್ಟು ದೊಡ್ಡ ಕೆಲಸ ಮಾಡಿದವರಿಗೆ ಕೊನೆಗೆ ಏನಾಯಿತು ಸರ್ ಎಂದು ಕೇಳಿದಳು. ಆಸ್ಪತ್ರೆಯಲ್ಲಿ ತೀರಿಕೊಂಡರು ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾನು ಹೇಳಿದ್ದು ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಬಾಕಿ ಉಳಿದ ನಿಜವನ್ನು ಈ ಸಂಚಿಕೆಯಲ್ಲಿ ಹೇಳಬೇಕೆಂದುಕೊಂಡಿದ್ದೇನೆ. ಅದನ್ನು ಹೇಳುವಾಗ ನನ್ನ ಮನೆಯ ಒಂದು ಮಾತನ್ನೂ ಹೇಳಲೇಬೇಕಾಗುತ್ತದೆ.

ಸೆಮ್ಮೆಲ್‌ವೈಸ್ ಹುಟ್ಟಿದ್ದು 1818ರ ಜುಲೈ 1ರಂದು, ಇಂದಿನ ಬುಡಾಪೆಸ್ಟ್ ನಗರದ ಬುಡಾ ಭಾಗದಲ್ಲಿ. ತಂದೆ ಕಿರಾಣಿ ವ್ಯಾಪಾರಿ. ಮನೆ ತುಂಬ ಮಕ್ಕಳು. ಮಗ ವಕೀಲನಾಗಲಿ ಎಂದು 1837ರಲ್ಲಿ ವಿಯೆನ್ನಾಕ್ಕೆ ಕಳಿಸಿದರೆ, ಅಲ್ಲಿ ಆತ ಕಾನೂನು ಬಿಟ್ಟು ವೈದ್ಯಶಾಸ್ತ್ರಕ್ಕೆ ಸೇರಿಕೊಂಡರು. 1844ರಲ್ಲಿ ವೈದ್ಯ ಪದವಿ ಪಡೆದರು. 1846ರ ಜುಲೈ ತಿಂಗಳಲ್ಲಿ ವಿಯೆನ್ನಾ ಜನರಲ್ ಆಸ್ಪತ್ರೆಯ ಮೊದಲನೇ ಹೆರಿಗೆ ವಿಭಾಗದಲ್ಲಿ ಪ್ರೊಫೆಸರ್ ಯೋಹಾನ್ ಕ್ಲೈನ್ ಅವರ ಸಹಾಯಕರಾದರು. ಆಗ ಅವರಿಗೆ 28 ವರ್ಷ.

ಆ ಆಸ್ಪತ್ರೆಯಲ್ಲಿ ಹೆರಿಗೆಗೆ ಎರಡು ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯರು ಮತ್ತು ವೈದ್ಯ ವಿದ್ಯಾರ್ಥಿಗಳು ಹೆರಿಗೆ ಮಾಡಿಸುತ್ತಿದ್ದರು. ಎರಡನೆಯದರಲ್ಲಿ ಸೂಲಗಿತ್ತಿಯರು. ಬಡ ಹೆಂಗಸರು ಬಂದ ದಿನದ ಸರದಿಯ ಪ್ರಕಾರ ಯಾವುದಾದರೂ ಒಂದಕ್ಕೆ ಸೇರಬೇಕಿತ್ತು, ಆರಿಸಿಕೊಳ್ಳುವ ಹಕ್ಕಿರಲಿಲ್ಲ. 1846ರಲ್ಲಿ ವೈದ್ಯರ ವಿಭಾಗದಲ್ಲಿ 4010 ಹೆರಿಗೆಗಳಲ್ಲಿ 459 ತಾಯಂದಿರು ಬಾಣಂತಿ ಜ್ವರದಿಂದ ಸತ್ತರು. ಅಂದರೆ ನೂರಕ್ಕೆ ಹನ್ನೊಂದಕ್ಕಿಂತ ಹೆಚ್ಚು. ಅದೇ ವರ್ಷ ಸೂಲಗಿತ್ತಿಯರ ವಿಭಾಗದಲ್ಲಿ 3754ರಲ್ಲಿ 105. ನೂರಕ್ಕೆ ಮೂರೂ ಇಲ್ಲ. ಊರಿನ ಹೆಂಗಸರಿಗೆ ಇದು ಗೊತ್ತಿತ್ತು. ಮೊದಲನೇ ವಿಭಾಗದ ಸರದಿ ಬಂದರೆ ಕಾಲಿಗೆ ಬಿದ್ದು, ಬೇಡ ಎಂದು ಅಳುತ್ತಿದ್ದರು. ಕೆಲವರು ಬೀದಿಯಲ್ಲೇ ಹೆತ್ತು ಆಮೇಲೆ ಬರುತ್ತಿದ್ದರು. ಬೀದಿಯಲ್ಲಿ ಹೆತ್ತವರಲ್ಲಿ ಜ್ವರ ಕಡಿಮೆ ಇತ್ತು ಎಂಬುದು ಸೆಮ್ಮೆಲ್‌ವೈಸ್ ಅವರ ನಿದ್ದೆ ಕೆಡಿಸಿತು.

ರೋಗಿಗಳ ಭಯವನ್ನು ಅವರು ಅಜ್ಞಾನ ಎಂದು ತಳ್ಳಿಹಾಕಲಿಲ್ಲ. ಅದರೊಳಗೆ ಏನೋ ಕಾರಣವಿರಬೇಕು ಎಂದು ಹುಡುಕಿದರು. ಈ ಗುಣವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಗಾಳಿ, ಆಹಾರ, ಜನಸಂದಣಿ, ಹೆರಿಗೆಯ ಭಂಗಿ, ಹೀಗೆ ಒಂದೊಂದಾಗಿ ಎರಡೂ ವಿಭಾಗಗಳನ್ನು ಹೋಲಿಸಿ ನೋಡಿದರು. ಯಾವುದರಿಂದಲೂ ಉತ್ತರ ಸಿಗಲಿಲ್ಲ. 1847ರ ಮಾರ್ಚ್‌ನಲ್ಲಿ ಅವರ ಸ್ನೇಹಿತ ಯಾಕೋಬ್ ಕೊಲೆಚ್ಕಾ ಸತ್ತರು. ಶವಪರೀಕ್ಷೆ ಮಾಡುವಾಗ ವಿದ್ಯಾರ್ಥಿಯೊಬ್ಬನ ಚಾಕು ಅವರ ಬೆರಳಿಗೆ ತಾಗಿತ್ತು. ಅವರ ದೇಹದಲ್ಲಿ ಕಂಡದ್ದು ಬಾಣಂತಿ ಜ್ವರದಿಂದ ಸತ್ತ ತಾಯಂದಿರಲ್ಲಿ ಕಾಣುತ್ತಿದ್ದ ಲಕ್ಷಣಗಳನ್ನೇ ಹೋಲುತ್ತಿತ್ತು. ಆಗ ಸೆಮ್ಮೆಲ್‌ವೈಸ್ ಅವರಿಗೆ ಹೊಳೆಯಿತು: ವೈದ್ಯರು ಮತ್ತು ವಿದ್ಯಾರ್ಥಿಗಳು ಬೆಳಿಗ್ಗೆ ಶವಾಗಾರದಲ್ಲಿ ಕೆಲಸ ಮಾಡಿ, ಅದೇ ಕೈಯಿಂದ ಹೆರಿಗೆ ಕೋಣೆಗೆ ಬರುತ್ತಾರೆ. ಸೂಲಗಿತ್ತಿಯರು ಶವ ಮುಟ್ಟುವುದಿಲ್ಲ.

1847ರ ಮೇ ತಿಂಗಳ ನಡುವೆ ಅವರು ಒಂದು ನಿಯಮ ತಂದರು. ಹೆರಿಗೆ ಕೋಣೆಗೆ ಬರುವ ಪ್ರತಿಯೊಬ್ಬರೂ ಕ್ಲೋರಿನ್ ಸುಣ್ಣದ ನೀರಿನಲ್ಲಿ, ಅಂದರೆ ನಮ್ಮ ನಗರಸಭೆಯವರು ಬಳಸುವ ಬ್ಲೀಚಿಂಗ್ ಪೌಡರ್‌ನಂಥದ್ದರ ನೀರಿನಲ್ಲಿ, ಕೈ ಉಜ್ಜಿ ತೊಳೆಯಬೇಕು. ಏಪ್ರಿಲ್‌ನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನ್‌ನಲ್ಲಿ 2ರ ಆಸುಪಾಸಿಗೆ, ಜುಲೈನಲ್ಲಿ 1ರ ಆಸುಪಾಸಿಗೆ ಇಳಿಯಿತು. 1848ರಲ್ಲಿ ಎರಡು ತಿಂಗಳು ಆ ವಿಭಾಗದಲ್ಲಿ ಬಾಣಂತಿ ಜ್ವರದಿಂದ ಒಂದೂ ಸಾವು ಆಗಲಿಲ್ಲ.

ಇಷ್ಟಾದ ಮೇಲೆ ಸನ್ಮಾನ ಆಗಿರಬೇಕು ಎಂದು ನೀವು ಅಂದುಕೊಳ್ಳಬಹುದು. ಆಗಲಿಲ್ಲ. ರೋಗಾಣು ಎಂಬ ತಿಳಿವಳಿಕೆಯೇ ಇನ್ನೂ ಇರಲಿಲ್ಲ. ತಮ್ಮ ಕೈಯೇ ತಾಯಂದಿರನ್ನು ಕೊಂದಿತು ಎಂದು ಒಪ್ಪಿಕೊಳ್ಳುವುದು ದೊಡ್ಡ ದೊಡ್ಡ ವೈದ್ಯರಿಗೆ ಕಷ್ಟವಾಯಿತು. ಸೆಮ್ಮೆಲ್‌ವೈಸ್ ಅವರ ತಪ್ಪೂ ಇತ್ತು. ತಮ್ಮ ಅಂಕಿಅಂಶಗಳನ್ನು ತಕ್ಷಣ ಬರೆದು ಪ್ರಕಟಿಸಲಿಲ್ಲ. 1849ರಲ್ಲಿ ಅವರ ಹುದ್ದೆ ಮುಂದುವರಿಯಲಿಲ್ಲ. 1850ರಲ್ಲಿ ಸ್ನೇಹಿತರಿಗೂ ಹೇಳದೆ ವಿಯೆನ್ನಾ ಬಿಟ್ಟು ಪೆಸ್ಟ್‌ಗೆ ಮರಳಿದರು. ಅಲ್ಲಿನ ಸಂತ ರೋಕಸ್ ಆಸ್ಪತ್ರೆಯಲ್ಲಿ ಸಂಬಳವಿಲ್ಲದ ಹುದ್ದೆ ವಹಿಸಿಕೊಂಡು, 1851ರಿಂದ 1857ರವರೆಗೆ 933 ಹೆರಿಗೆಗಳಲ್ಲಿ ಬಾಣಂತಿ ಜ್ವರದ ಸಾವನ್ನು 8ಕ್ಕೆ ಇಳಿಸಿದರು. 1855ರಲ್ಲಿ ಪ್ರೊಫೆಸರ್ ಆದರು. 1857ರಲ್ಲಿ ಮಾರಿಯಾ ಅವರನ್ನು ಮದುವೆಯಾದರು. ಐದು ಮಕ್ಕಳಾದವು, ಇಬ್ಬರು ಹಸುಳೆಗಳಾಗಿದ್ದಾಗಲೇ ಹೋದರು.

ಕೊನೆಗೂ 1861ರಲ್ಲಿ ತಮ್ಮ ದೊಡ್ಡ ಪುಸ್ತಕ ತಂದರು. ಯುರೋಪಿನ ವೈದ್ಯರು ಅದನ್ನು ಬದಿಗೊತ್ತಿದರು. ಸೆಮ್ಮೆಲ್‌ವೈಸ್ ಕೆರಳಿದರು. ಹೆಸರಾಂತ ಪ್ರೊಫೆಸರುಗಳಿಗೆ ಬಹಿರಂಗ ಪತ್ರಗಳನ್ನು ಬರೆದು, ಕೈ ತೊಳೆಯದವರು ಕೊಲೆಗಾರರು ಎಂದು ನೇರವಾಗಿ ದೂರಿದರು. ಬರುಬರುತ್ತಾ ಯಾವ ಮಾತು ಆಡಿದರೂ ಬಾಣಂತಿ ಜ್ವರದ ಕಡೆಗೇ ತಿರುಗಿಸುತ್ತಿದ್ದರು. 1865ರ ಹೊತ್ತಿಗೆ ಅವರ ನಡವಳಿಕೆ ಬಹಳ ಬದಲಾಗಿತ್ತು. ಕುಡಿತ ಹೆಚ್ಚಿತ್ತು, ಮರೆವು ಬಂದಿತ್ತು, ಮನೆಯವರು ಹೆದರಿದ್ದರು. ಅದು ಮೆದುಳಿನ ಕಾಯಿಲೆಯೋ, ಬೇರೆ ಸೋಂಕೋ, ವರ್ಷಗಳ ಒತ್ತಡವೋ ಎಂದು ಇಂದಿಗೂ ಚರ್ಚೆ ನಡೆಯುತ್ತಲೇ ಇದೆ. ಅವರಿಗೆ ಆರೈಕೆ ಬೇಕಾಗಿತ್ತು ಎಂಬುದಂತೂ ನಿಜ.

ಇಲ್ಲಿ ನಾನು ಸ್ವಲ್ಪ ನಿಲ್ಲುತ್ತೇನೆ.

ನಮ್ಮೂರು ಔರಾದ್ ತಾಲ್ಲೂಕಿನ ಒಂದು ಹಳ್ಳಿ. ಅಬ್ಬಾ ಅವರ ತಮ್ಮ, ನಮ್ಮ ಚಾಚಾ, ಔರಾದ್ ಪೇಟೆಯಲ್ಲಿ ದರ್ಜಿ ಅಂಗಡಿ ಇಟ್ಟಿದ್ದರು. ನನ್ನ ಶಾಲೆಯ ಸಮವಸ್ತ್ರಗಳೆಲ್ಲ ಅವರ ಕೈಯದ್ದೇ. 1998ರಲ್ಲಿ ನಾನು ಭಾಲ್ಕಿಯಲ್ಲಿ ಪಿಯುಸಿ ಓದುತ್ತಿದ್ದಾಗ ಚಾಚಾಗೆ ಕಾಯಿಲೆ ಶುರುವಾಯಿತು. ರಾತ್ರಿಯೆಲ್ಲ ಎದ್ದು ಕೂರುತ್ತಿದ್ದರು. ಯಾರೋ ಬಟ್ಟೆಯಲ್ಲಿ ವಿಷ ಹಾಕಿ ಹೊಲಿಯಲು ತರುತ್ತಾರೆ ಎನ್ನುತ್ತಿದ್ದರು. ಊಟ ಬಿಟ್ಟರು. ಒಂಬತ್ತು ರಾತ್ರಿ ನಿದ್ದೆಯಿಲ್ಲ. ಒಂದು ಬೆಳಗಿನ ಜಾವ ಬಾವಿಯ ಕಟ್ಟೆಯ ಮೇಲೆ ನಿಂತಿದ್ದರು. ದಾದಿ ಕೂಗಿಕೊಂಡು ಓಡಿದ್ದರಿಂದ ಉಳಿದರು.

ಹಿರಿಯರು ಸೇರಿ, ದೂರದ ಊರಿನ ದೊಡ್ಡ ಆಸ್ಪತ್ರೆಗೆ ಸೇರಿಸುವುದು ಎಂದು ತೀರ್ಮಾನಿಸಿದರು. ಆಸ್ಪತ್ರೆ ಎಂದರೆ ಚಾಚಾ ಬರುವುದಿಲ್ಲ. ಆದ್ದರಿಂದ ಭಾಲ್ಕಿಯಲ್ಲಿ ಒಂದು ಮದುವೆ ಇದೆ ಎಂದು ಹೇಳುವುದು. ಅದನ್ನು ಹೇಳುವ ಕೆಲಸ ನನಗೆ ಬಂತು. ಆ ದಿನಗಳಲ್ಲಿ ಅವರು ನಂಬುತ್ತಿದ್ದುದು ನನ್ನೊಬ್ಬನನ್ನೇ. ನನ್ನ ಗೆಳೆಯನ ಅಣ್ಣನ ನಿಕಾಹ್, ನೀವು ಬರಲೇಬೇಕು ಎಂದು ಹೇಳಿದೆ. ಚಾಚಾ ಎಷ್ಟೋ ದಿನಗಳ ಮೇಲೆ ಸ್ನಾನ ಮಾಡಿ, ಇಸ್ತ್ರಿ ಮಾಡಿದ ಬಿಳಿ ಕುರ್ತಾ ಹಾಕಿಕೊಂಡು, ಅತ್ತರು ಪೂಸಿಕೊಂಡು ಜೀಪು ಹತ್ತಿದರು. ಜೀಪು ಭಾಲ್ಕಿ ದಾಟಿ ಹುಮನಾಬಾದ್ ಕಡೆ ತಿರುಗಿದಾಗ ನನ್ನ ಮುಖ ನೋಡಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಈಗ ವಿಯೆನ್ನಾಕ್ಕೆ ಹೋಗೋಣ. 1865ರ ಜುಲೈ ಕೊನೆಯ ವಾರ. ಪೆಸ್ಟ್‌ನ ಸಹೋದ್ಯೋಗಿ ವೈದ್ಯರು ಸೆಮ್ಮೆಲ್‌ವೈಸ್ ಅವರನ್ನು ಮಾನಸಿಕ ಆಸ್ಪತ್ರೆಗೆ ಕಳಿಸಲು ಕಾಗದ ಸಿದ್ಧಮಾಡಿದ್ದರು. ಅವರಿಗೆ ಮಾತ್ರ ಅದು ಗೊತ್ತಿರಲಿಲ್ಲ. ಹೆಂಡತಿಯ ಜೊತೆ ರೈಲಿನಲ್ಲಿ ವಿಯೆನ್ನಾಕ್ಕೆ ಬಂದರು. ಅಲ್ಲಿ ಹಳೆಯ ಸ್ನೇಹಿತ, ಹಿಂದೆ ಅವರ ಪರವಾಗಿ ಮೊದಲು ಬರೆದ ವೈದ್ಯ ಫರ್ಡಿನಾಂಡ್ ಹೆಬ್ರಾ ಅವರನ್ನು ಬರಮಾಡಿಕೊಂಡರು. ಹೊಸ ಚಿಕಿತ್ಸಾ ಸಂಸ್ಥೆಯೊಂದನ್ನು ತೋರಿಸುತ್ತೇನೆ ಬಾ ಎಂದು ಕರೆದುಕೊಂಡು ಹೋದರು. ಅದು ಲಾಜರೆಟ್‌ಗಾಸ್ಸೆ ಎಂಬ ಬೀದಿಯಲ್ಲಿದ್ದ ಸರ್ಕಾರಿ ಹುಚ್ಚಾಸ್ಪತ್ರೆ. ತಾವು ಎಲ್ಲಿದ್ದೇವೆ ಎಂದು ತಿಳಿದ ಕೂಡಲೇ ಸೆಮ್ಮೆಲ್‌ವೈಸ್ ಹೊರಗೆ ಹೋಗಲು ನೋಡಿದರು. ಹಲವು ಕಾವಲುಗಾರರು ಅವರನ್ನು ಹಿಡಿದು ಬಲವಾಗಿ ಹೊಡೆದರು. ಕೈಗಳನ್ನು ಮೈಗೆ ಬಿಗಿದು ಕಟ್ಟುವ ಉದ್ದ ತೋಳಿನ ಅಂಗಿ ತೊಡಿಸಿದರು. ಕತ್ತಲೆ ಕೋಣೆಯಲ್ಲಿ ಹಾಕಿದರು. ತಣ್ಣೀರು ಸುರಿಯುವುದು, ಹರಳೆಣ್ಣೆ ಕುಡಿಸುವುದು, ಇದೇ ಅಲ್ಲಿನ ಚಿಕಿತ್ಸೆ. ಮರುದಿನ ಹೆಂಡತಿ ನೋಡಲು ಬಂದರೆ ಒಳಗೆ ಬಿಡಲಿಲ್ಲ.

ಎರಡು ವಾರಗಳ ಮೇಲೆ, ಆಗಸ್ಟ್ 13ರಂದು ಅವರು ಸತ್ತರು. ವಯಸ್ಸು 47. ಕೈಯ ಗಾಯ ಕೊಳೆತು, ಅದರ ನಂಜು ರಕ್ತಕ್ಕೆ ಸೇರಿತ್ತು. ಆ ಗಾಯ ಒಳಗೆ ತಿಂದ ಪೆಟ್ಟುಗಳಿಂದಲೇ ಆಗಿರಬೇಕು ಎಂದು ಹಲವು ಇತಿಹಾಸಕಾರರು ಹೇಳುತ್ತಾರೆ. ಸ್ನೇಹಿತ ಕೊಲೆಚ್ಕಾ ಸತ್ತದ್ದೂ ರಕ್ತದ ನಂಜಿನಿಂದಲೇ. ವಿಯೆನ್ನಾದ ಸಾವಿರಾರು ತಾಯಂದಿರು ಸತ್ತದ್ದೂ ಅದರಿಂದಲೇ. ಆ ನಂಜನ್ನು ತಡೆಯುವ ದಾರಿ ಕಂಡುಹಿಡಿದ ಮನುಷ್ಯ, ತನಗೆ ಆರೈಕೆ ಕೊಡಬೇಕಾದ ಮನೆಯಲ್ಲಿ ಅದರಿಂದಲೇ ಹೋದರು. ಮಣ್ಣು ಮಾಡುವಾಗ ಬೆರಳೆಣಿಕೆಯಷ್ಟು ಜನ ಇದ್ದರು. ಮುಂದೆ ಅವರ ಹೆಂಡತಿ ಮಕ್ಕಳು ಮನೆತನದ ಹೆಸರನ್ನೇ ಬದಲಾಯಿಸಿಕೊಂಡರು.

ಎರಡು ವರ್ಷಗಳ ನಂತರ, 1867ರಲ್ಲಿ, ಇಂಗ್ಲೆಂಡಿನ ಜೋಸೆಫ್ ಲಿಸ್ಟರ್ ಶಸ್ತ್ರಚಿಕಿತ್ಸೆಯಲ್ಲಿ ನಂಜು ತಡೆಯುವ ವಿಧಾನವನ್ನು ಪ್ರಕಟಿಸಿದರು. 1879ರಲ್ಲಿ ಲೂಯಿ ಪಾಶ್ಚರ್ ಬಾಣಂತಿ ಜ್ವರದ ರೋಗಾಣುವನ್ನು ತೋರಿಸಿದರು. ಸೆಮ್ಮೆಲ್‌ವೈಸ್ ಹೇಳಿದ್ದು ಸರಿಯಾಗಿತ್ತು ಎಂದು ಜಗತ್ತು ಒಪ್ಪಿತು. ಇಂದು ಬುಡಾಪೆಸ್ಟ್‌ನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅವರದೇ ಹೆಸರಿದೆ. ಅವರು ಹುಟ್ಟಿದ ಮನೆ ವೈದ್ಯಕೀಯ ವಸ್ತುಸಂಗ್ರಹಾಲಯವಾಗಿದೆ, ಅವರ ಅವಶೇಷಗಳೂ ಅಲ್ಲೇ ಇವೆ.

ಹೆಬ್ರಾ ಕೆಟ್ಟ ಮನುಷ್ಯನಲ್ಲ. ಸಂಕಟದಲ್ಲಿದ್ದ ಗೆಳೆಯನಿಗೆ ಒಳ್ಳೆಯದಾಗಲಿ ಎಂದೇ ಕರೆದುಕೊಂಡು ಹೋಗಿರಬೇಕು. ಇದನ್ನು ನಾನು ಪುಸ್ತಕ ಓದಿ ಹೇಳುತ್ತಿಲ್ಲ. ನಾನೂ ಹಾಗೆಯೇ ಒಬ್ಬರನ್ನು ಕರೆದುಕೊಂಡು ಹೋದವನು.

ಚಾಚಾ ಸಾಯಲಿಲ್ಲ. ಅದನ್ನು ಮೊದಲೇ ಹೇಳಿಬಿಡಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ. ಆ ಆಸ್ಪತ್ರೆಯ ಗೇಟಿನಲ್ಲಿ ಮೂವರು ಅವರನ್ನು ಹಿಡಿದು ಎಳೆದುಕೊಂಡು ಹೋದರು, ಕುರ್ತಾದ ತೋಳು ಹರಿಯಿತು. ಐದು ವಾರ ಯಾರನ್ನೂ ಭೇಟಿಗೆ ಬಿಡಲಿಲ್ಲ. ಆದರೆ ಅಲ್ಲಿ ಕೊಟ್ಟ ಔಷಧಿ ಕೆಲಸ ಮಾಡಿತು. ನಿದ್ದೆ ಮರಳಿತು, ವಿಷದ ಭಯ ಹೋಯಿತು. ಊರಿಗೆ ಬಂದ ಮೇಲೆ ಕೆಲವು ತಿಂಗಳು ಕೈ ನಡುಗುತ್ತಿತ್ತು, ಸೂಜಿಗೆ ದಾರ ಪೋಣಿಸಲು ಆಗುತ್ತಿರಲಿಲ್ಲ. ಆಮೇಲೆ ಮತ್ತೆ ಅಂಗಡಿ ತೆರೆದರು. ಒಬ್ಬರನ್ನೂ ಬೈಯಲಿಲ್ಲ.

ಆದರೆ ಅವತ್ತಿನಿಂದ ಅವರು ಭಾಲ್ಕಿಗೆ ಕಾಲಿಡಲಿಲ್ಲ. ಯಾರ ಮದುವೆಗೂ ಹೋಗಲಿಲ್ಲ. 2006ರಲ್ಲಿ ನನ್ನ ನಿಕಾಹ್ ಭಾಲ್ಕಿಯಲ್ಲೇ ಆಯಿತು. ನನ್ನ ಶೇರ್ವಾನಿಯನ್ನು ಅವರೇ ಹೊಲಿದರು, ಗುಂಡಿಯನ್ನೂ ತಾವೇ ಹಾಕಿದರು. ಬರಾತ್ ಹೊರಡುವಾಗ ಮಾತ್ರ ಅಂಗಡಿಯ ಬಾಗಿಲು ಹಾಕಿಕೊಂಡು ಒಳಗೇ ಕೂತರು.

ಅದಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ಕೆಲವು ವರ್ಷಗಳ ಮೇಲೆ ಕಾಯಿಲೆ ಮರಳಿ ಬಂತು. ಬಂದದ್ದು ಅವರಿಗೆ ಗೊತ್ತಾಗಿತ್ತು, ಆದರೆ ಬಚ್ಚಿಟ್ಟರು. ಹೇಳಿದರೆ ಮತ್ತೆ ಸುಳ್ಳು ಹೇಳಿ ಜೀಪಿಗೆ ಹತ್ತಿಸುತ್ತಾರೆ ಎಂಬ ಭಯ. ನಾಲ್ಕು ತಿಂಗಳು ಒಬ್ಬರೇ ಅನುಭವಿಸಿದರು. ಬಲವಂತದ ಚಿಕಿತ್ಸೆಯ ದೊಡ್ಡ ಹಾನಿ ಇದೇ ಎಂದು ನನಗೆ ಆಗ ಅರ್ಥವಾಯಿತು. ಔಷಧಿ ಇಂದಿನ ಕಾಯಿಲೆಯನ್ನು ಗುಣಪಡಿಸಬಹುದು. ಮುರಿದ ನಂಬಿಕೆ ಮುಂದಿನ ಕಾಯಿಲೆಯನ್ನು ಕತ್ತಲೆಯಲ್ಲಿ ಬೆಳೆಸುತ್ತದೆ.

ಎರಡನೇ ಸಲ ನಾನು ಅವರ ಮುಂದೆ ಕೂತು ನಿಜ ಹೇಳಿದೆ. ಬೀದರ್‌ನಲ್ಲಿ ಮನೋವೈದ್ಯರಿದ್ದಾರೆ, ನಾನು ಜೊತೆಗಿರುತ್ತೇನೆ, ರಾತ್ರಿಯೂ ಅಲ್ಲೇ ಇರುತ್ತೇನೆ, ನೀವು ಬೇಡ ಎಂದರೆ ವಾಪಸ್ ಬರೋಣ ಎಂದೆ. ಮೊದಲ ದಿನ ಮುಖ ತಿರುಗಿಸಿದರು. ಎರಡನೇ ದಿನ ಚಹಾ ಕುಡಿದರು. ಮೂರನೇ ದಿನ ಚಪ್ಪಲಿ ಹಾಕಿಕೊಂಡರು. ತಾವೇ ನಡೆದು ಬಸ್ ಹತ್ತಿದರು. ಆ ಸಲ ಹನ್ನೆರಡು ದಿನಗಳಲ್ಲಿ ಮನೆಗೆ ಬಂದೆವು. ಆಮೇಲೆ ಕೊನೆಯವರೆಗೂ ತಾವಾಗಿಯೇ ಮಾತ್ರೆ ತೆಗೆದುಕೊಂಡರು. ಕೆಲವು ವರ್ಷಗಳ ಹಿಂದೆ ವಯಸ್ಸಾಗಿ ತೀರಿಕೊಂಡರು.

ಹಾಗಾದರೆ ಒಪ್ಪಿಗೆಯಿಲ್ಲದೆ ಯಾರನ್ನೂ ಆಸ್ಪತ್ರೆಗೆ ಸೇರಿಸಲೇಬಾರದೇ? ನಾನು ಹಾಗೆ ಹೇಳುವುದಿಲ್ಲ. ಬಾವಿಯ ಕಟ್ಟೆಯ ಮೇಲೆ ನಿಂತವರನ್ನು ಹಿಡಿದೇ ಇಳಿಸಬೇಕು. ಆದರೆ ಹಿಡಿಯುವ ಕೈಗೂ ಒಂದು ಲೆಕ್ಕ ಇರಬೇಕು. ನಮ್ಮ ದೇಶದಲ್ಲಿ ಆ ಲೆಕ್ಕ ನಿಧಾನವಾಗಿ ಬಂದಿದೆ. 1912ರ ಕಾಯ್ದೆಯ ಹೆಸರಿನಲ್ಲೇ ಹುಚ್ಚು ಎಂಬ ಪದವಿತ್ತು. 1987ರ ಕಾಯ್ದೆಯಲ್ಲಿ ಬಂಧುಗಳ ಅರ್ಜಿ ಮತ್ತು ಇಬ್ಬರು ವೈದ್ಯರ ಪ್ರಮಾಣಪತ್ರದ ಮೇಲೆ 90 ದಿನಗಳವರೆಗೆ ಇಡಬಹುದಿತ್ತು. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಬೆಂಕಿ ಬಿದ್ದಾಗ, ಸರಪಳಿ ಹಾಕಿದ್ದರಿಂದ ಓಡಲಾಗದೆ ಇಪ್ಪತ್ತೈದಕ್ಕೂ ಹೆಚ್ಚು ರೋಗಿಗಳು ಸುಟ್ಟು ಸತ್ತರು. ದೇಶ ಬೆಚ್ಚಿಬಿತ್ತು.

ಈಗ ಇರುವುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2018ರ ಮೇ ತಿಂಗಳಿಂದ ಜಾರಿಯಲ್ಲಿದೆ. ಒಪ್ಪಿಗೆ ಕೊಡಲಾಗದಷ್ಟು ಕಾಯಿಲೆ ತೀವ್ರವಾಗಿದ್ದು, ತನಗೋ ಇತರರಿಗೋ ಅಪಾಯವಿದ್ದರೆ ಮಾತ್ರ ಬೆಂಬಲಿತ ದಾಖಲಾತಿ ಮಾಡಬಹುದು. ಇಬ್ಬರು ತಜ್ಞರು ಬೇರೆ ಬೇರೆಯಾಗಿ ಪರೀಕ್ಷಿಸಬೇಕು, ಅವರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಮೊದಲ ಅವಧಿ 30 ದಿನ ಮೀರಬಾರದು. ದಾಖಲಾದ ವಿಷಯವನ್ನು 7 ದಿನಗಳೊಳಗೆ, ಮಹಿಳೆಯರು ಮತ್ತು ಅಪ್ರಾಪ್ತರಾದರೆ 3 ದಿನಗಳೊಳಗೆ, ಪರಿಶೀಲನಾ ಮಂಡಳಿಗೆ ತಿಳಿಸಬೇಕು. ರೋಗಿಗೆ ಮಂಡಳಿಯ ಮುಂದೆ ಹೋಗುವ ಹಕ್ಕಿದೆ. ಭೇಟಿಗೆ ಬಂದವರನ್ನು ಕಾಣುವ, ಫೋನಿನಲ್ಲಿ ಮಾತಾಡುವ ಹಕ್ಕಿದೆ. ಸರಪಳಿ ಹಾಕುವಂತೆಯೇ ಇಲ್ಲ. 18 ವರ್ಷದೊಳಗಿನವರನ್ನು ದೊಡ್ಡವರ ಜೊತೆ ಇಡುವಂತಿಲ್ಲ, ಪೋಷಕರು ಅಥವಾ ಅವರು ನೇಮಿಸಿದವರೊಬ್ಬರು ಜೊತೆಗಿರಲೇಬೇಕು. 18 ತುಂಬಿದ ಯಾರಾದರೂ ಆರೋಗ್ಯವಾಗಿರುವಾಗಲೇ, ಮುಂದೆ ತಮಗೆ ಇಂಥ ಕಾಯಿಲೆ ಬಂದರೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ತಮ್ಮ ಪರವಾಗಿ ಯಾರು ಮಾತಾಡಬೇಕು ಎಂದು ಬರೆದಿಡಬಹುದು. 1998ರಲ್ಲಿ ಚಾಚಾಗೆ ಇಂಥ ಕಾಗದ ಬರೆಯುವ ಅವಕಾಶವಿದ್ದಿದ್ದರೆ, ಸುಳ್ಳು ಹೇಳಬೇಡಿ ಎಂಬ ಒಂದೇ ಮಾತು ಬರೆಯುತ್ತಿದ್ದರೇನೋ.

ಇವೆಲ್ಲ ಪರದೇಶದ ಮಾತು ಅಂದುಕೊಳ್ಳಬೇಡಿ. ಮನೆಯವರನ್ನು ದೂರವಿಡದೆ ಜೊತೆಗೇ ಇಟ್ಟುಕೊಂಡು ಚಿಕಿತ್ಸೆ ಕೊಡಬಹುದು ಎಂದು 1950ರ ದಶಕದಲ್ಲಿ ಅಮೃತಸರದ ಡಾಕ್ಟರ್ ವಿದ್ಯಾಸಾಗರ್ ಆಸ್ಪತ್ರೆಯ ಅಂಗಳದಲ್ಲಿ ಡೇರೆ ಹಾಕಿಸಿ ತೋರಿಸಿದರು. ನಮ್ಮ ರಾಜ್ಯದಲ್ಲಿ ನಿಮ್ಹಾನ್ಸ್ ಸಂಸ್ಥೆಯವರು 1980ರ ದಶಕದಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ, ಹಳ್ಳಿಯ ಹತ್ತಿರದ ಆರೋಗ್ಯ ಕೇಂದ್ರದಲ್ಲೇ ಮಾನಸಿಕ ಚಿಕಿತ್ಸೆ ಸಿಗುವಂತೆ ಮಾಡಿದರು. ಅದೇ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಇನ್ನೂ ಹಿಂದೆ ಹೋದರೆ, ನಮ್ಮ ಬೀದರ್‌ನಲ್ಲೇ 15ನೇ ಶತಮಾನದಲ್ಲಿ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ದೊಡ್ಡ ಆಸ್ಪತ್ರೆ ಕಟ್ಟಿಸಿ, ಹಿಂದೂ ಮತ್ತು ಮುಸ್ಲಿಂ ವೈದ್ಯರನ್ನು ನೇಮಿಸಿ, ರೋಗಿಗಳ ಊಟ ಔಷಧಿಗೆಂದು ಹಳ್ಳಿಗಳ ಆದಾಯ ಬಿಟ್ಟುಕೊಟ್ಟಿದ್ದರು. ರೋಗಿಯನ್ನು ಅತಿಥಿಯಂತೆ ಕಾಣುವುದು ಈ ಊರಿಗೆ ಹೊಸದಲ್ಲ.

ವಿದ್ಯಾರ್ಥಿಗಳೇ, ನಿಮ್ಮಲ್ಲಿ ಅನೇಕರು ನೀಟ್ ಬರೆದು ವೈದ್ಯರಾಗುತ್ತೀರಿ, ನರ್ಸ್ ಆಗುತ್ತೀರಿ. ಅದಕ್ಕೂ ಮೊದಲೇ ಯಾರದೋ ತಮ್ಮ, ಮಗಳು, ಭಾಂಜಾ ಆಗಿ ಇಂಥದೊಂದು ತೀರ್ಮಾನದ ಮುಂದೆ ನಿಲ್ಲಬೇಕಾಗಬಹುದು. ಮನೆಯಲ್ಲಿ ಯಾರಿಗಾದರೂ, ಅಥವಾ ನಿಮಗೇ, ನಿದ್ದೆಯಿಲ್ಲದ ರಾತ್ರಿಗಳು, ಕಾರಣವಿಲ್ಲದ ಭಯ ಶುರುವಾಗಿದ್ದರೆ ಸ್ಟಾಫ್ ರೂಮಿಗೆ ಬಂದು ನನಗೆ ಹೇಳಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೂ ಮಾತಾಡುತ್ತಾರೆ. ಬೇಗ ಹೇಳಿದರೆ ಬಲವಂತದ ಮಾತೇ ಬರುವುದಿಲ್ಲ.

ವಿಯೆನ್ನಾದ ಹೆಂಗಸರು ಆ ವಾರ್ಡು ಬೇಡ ಎಂದು ಅತ್ತಾಗ ಒಬ್ಬ ಯುವ ವೈದ್ಯ ಅವರ ಮಾತು ನಂಬಿದ. ಅದರಿಂದ ಎಷ್ಟೋ ತಾಯಂದಿರು ಉಳಿದರು. ಅದೇ ವೈದ್ಯ ಇಲ್ಲಿ ಇರಲಾರೆ ಎಂದಾಗ ಕೇಳುವವರು ಯಾರೂ ಇರಲಿಲ್ಲ. ಅವತ್ತು ತರಗತಿಯಲ್ಲಿ ಪ್ರಶ್ನೆ ಕೇಳಿದ ಮಗಳೇ, ನಿನಗೆ ಕೊಡಬೇಕಾಗಿದ್ದ ಪೂರ್ತಿ ಉತ್ತರ ಇದು.